ಚಾವಿ ಕೈಯಲ್ಲಿರಲಿ



ಪೆಟ್ರೋಲ್ ಪಂಪಿನ ಮುಂದೆ ನಾವು ನಿಲ್ಲುವ ಮೂರು ನಿಮಿಷದ ವಿಷಯವನ್ನು ಈ ಸಲ ಸಂಪಾದಕೀಯಕ್ಕೆ ಎತ್ತಿಕೊಂಡಿದ್ದೇವೆ. ಪಗಾರ, ಬೋನಸು, ರಜೆ, ಪ್ರಾವಿಡೆಂಟ್ ಫಂಡು ಇವೆಲ್ಲ ಇರುವಾಗ ಇದೇನು ಪೆಟ್ರೋಲಿನ ಮಾತು ಎಂದು ಕೆಲವರು ಕೇಳಬಹುದು. ಆದರೆ ವರ್ಷಗಟ್ಟಲೆ ಹೊಟ್ಟೆ ಕಟ್ಟಿ ಉಳಿಸಿದ ಹಣ, ಇನ್ನೂ ತೀರದ ಸಾಲದ ಕಂತು, ನಾಳೆಯ ದುಡಿಮೆ ಈ ಮೂರೂ ಮೂರು ನಿಮಿಷದಲ್ಲಿ ಕೈಬಿಟ್ಟು ಹೋಗುವುದಾದರೆ ಅದು ಪಗಾರದ ಪ್ರಶ್ನೆಯಲ್ಲದೆ ಮತ್ತೇನು? ಪೆಟ್ರೋಲ್ ಹಾಕಿಸುವಾಗ ಬಂಡಿ ಕಳೆದುಕೊಂಡವರು ಸಂಘದ ಕಚೇರಿಯ ಮೆಟ್ಟಿಲು ಹತ್ತಿ ಬಂದು ತಲೆ ತಗ್ಗಿಸಿ ಕೂರುವುದನ್ನು ನಾವು ಕಂಡಿದ್ದೇವೆ. ಅದರಿಂದಲೇ ಈ ಮಾತು.

ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದಾಗ ಅವರಲ್ಲಿ ಕಳುವಾಗುವಂಥ ವಾಹನವೇ ಇರಲಿಲ್ಲ. ಮಾಟುಂಗ, ದಾದರದ ಹೊಟೇಲುಗಳಲ್ಲಿ ದುಡಿದವರು ದುಡಿದಲ್ಲಿಯೇ ಚಾಪೆ ಹಾಸಿ ಮಲಗಿದರು. ಪರೇಲು, ಲಾಲಬಾಗಿನ ಗಿರಣಿಗಳಲ್ಲಿ ದುಡಿದವರು ಭೋಂಗಾ ಕೂಗಿದೊಡನೆ ಚಾಳಿನಿಂದ ನಡೆದೇ ಹೋದರು. ದೂರ ಹೋಗಬೇಕಾದವರಿಗೆ ಲೋಕಲ್ ಗಾಡಿಯಿತ್ತು, 1964ರವರೆಗೆ ಟ್ರಾಮೂ ಇತ್ತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಮನೆಗಳ ಮಕ್ಕಳು ಕೆಲವರು ರಿಕ್ಷಾ ಹಿಡಿದರು, ಕೆಲವರು ಟೆಂಪೋ ಹಿಡಿದರು. ಹೊಟೇಲಿನ ಹುಡುಗರು ಇಂದು ತಟ್ಟೆ ಲೋಟ ಹಿಡಿಯುವುದರ ಜೊತೆಗೆ ಸ್ಕೂಟರಿನ ಹಿಂದೆ ಪಾರ್ಸಲಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆ ಸುತ್ತುತ್ತಾರೆ. ಡೊಂಬಿವಲಿ, ಕಲ್ಯಾಣ, ಭಿವಂಡಿಗಳಲ್ಲಿ ಮನೆ ಮಾಡಿದವರಿಗೆ ಬೆಳಗಿನ ಮೊದಲ ಪಾಳಿಗೆ ಸ್ಟೇಷನ್ನು ಮುಟ್ಟಲು ಒಂದು ಹಳೆಯ ಮೋಟಾರು ಸೈಕಲ್ಲಾದರೂ ಬೇಕು. ಶ್ರೀಮಂತನಿಗೆ ವಾಹನ ಸುಖದ ವಸ್ತು, ನಮಗೆ ಅದು ಅನ್ನದ ತಟ್ಟೆ.

ರಾತ್ರಿ ಚಾಳಿನ ಕೆಳಗೆ ನಿಲ್ಲಿಸಿದ ಬಂಡಿ ಕಳುವಾಗಬಹುದೆಂಬ ಭಯ ಎಲ್ಲರಿಗೂ ಇದೆ. ಅದಕ್ಕಾಗಿ ಸರಪಳಿ ಹಾಕುತ್ತೇವೆ, ಹ್ಯಾಂಡಲು ತಿರುಗಿಸಿ ಬೀಗ ಹಾಕುತ್ತೇವೆ, ಎರಡು ಸಲ ಇಳಿದು ನೋಡಿ ಬರುತ್ತೇವೆ. ಆದರೆ ಪೆಟ್ರೋಲ್ ಪಂಪಿನಲ್ಲಿ ಬೆಳಕಿದೆ, ಜನರಿದ್ದಾರೆ, ಮೇಲೆ ಕ್ಯಾಮರಾ ಇದೆ, ಇಲ್ಲಿ ಯಾರು ಕದಿಯುತ್ತಾರೆ ಎಂದು ಮನಸ್ಸು ಸಡಿಲಾಗುತ್ತದೆ. ಕಳ್ಳನಿಗೆ ಬೇಕಾದುದು ಈ ಸಡಿಲವೇ. ರಾತ್ರಿ ಚಾಳಿನ ಕೆಳಗೆ ಅವನು ಬೀಗ ಮುರಿಯಬೇಕು, ವಯರು ಜೋಡಿಸಬೇಕು, ನಾಯಿ ಬೊಗಳುವುದಕ್ಕೆ ಹೆದರಬೇಕು. ಪಂಪಿನಲ್ಲಿ ಇದಾವುದೂ ಬೇಡ. ಬಂಡಿಯೂ ಸಿದ್ಧ, ಚಾವಿಯೂ ಸಿದ್ಧ, ಟಾಂಕಿಯಲ್ಲಿ ನಮ್ಮದೇ ಹಣದ ಪೆಟ್ರೋಲೂ ಸಿದ್ಧ. ಹತ್ತಿ ಕುಳಿತು ಹೋಗುವವನು ಕಳ್ಳನೋ ಮಾಲಿಕನೋ ಎಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ.

ಕಳುವು ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಪೆಟ್ರೋಲ್ ತುಂಬುವಾಗ ಎಂಜಿನ್ ನಿಲ್ಲಿಸಬೇಕೆಂಬುದು ಬೆಂಕಿಯ ಭಯದಿಂದ ಮಾಡಿದ ನಿಯಮ. ಎಲ್ಲರೂ ಅದನ್ನು ಪಾಲಿಸುತ್ತಾರೆ. ಎಂಜಿನ್ ನಿಲ್ಲಿಸಿದವರು ಚಾವಿ ತೆಗೆದಿರುತ್ತಾರೆಯೆ? ಅನೇಕ ಸ್ಕೂಟರುಗಳಲ್ಲಿ ಪೆಟ್ರೋಲಿನ ಮುಚ್ಚಳ ಸೀಟಿನ ಕೆಳಗಿರುತ್ತದೆ. ಸವಾರ ಇಳಿದು, ಚಾವಿ ತಿರುಗಿಸಿ ಸೀಟು ಎತ್ತಿ, ಮುಚ್ಚಳ ತೆಗೆದು, ಮೀಟರಿನ ಸೊನ್ನೆಯ ಕಡೆಗೆ ನೋಡುತ್ತಾನೆ. ಸೊನ್ನೆ ನೋಡುವುದು ಒಳ್ಳೆಯದೇ. ಆದರೆ ಚಾವಿ ಅದರ ತೂತಿನಲ್ಲಿಯೇ ತೂಗಾಡುತ್ತಿರುತ್ತದೆ. ತುಂಬಿದ ಮೇಲೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ‘ಮುಂದೆ ತಗೊಳ್ಳಿ’ ಎಂದು ಅವಸರಪಡಿಸುತ್ತಾರೆ. ಬಂಡಿಯನ್ನು ನಾಲ್ಕು ಮಾರು ಮುಂದೆ ತಳ್ಳಿ, ಸ್ಟ್ಯಾಂಡು ಹಾಕಿ, ಚಿಲ್ಲರೆ ತರಲು ಹಿಂದಕ್ಕೆ ಬರುತ್ತೇವೆ. ಇಲ್ಲವೆ ಮೊಬೈಲು ತೆಗೆದು ಹಣ ಕಳಿಸಲು ತಲೆ ಬಗ್ಗಿಸುತ್ತೇವೆ. ಬಂಡಿ ಹೋಗುವುದು ಆ ತಲೆ ಎತ್ತುವುದರೊಳಗೆ.

ಎರಡನೆಯ ಸ್ಥಳ ಗಾಳಿ ತುಂಬುವ ಯಂತ್ರದ ಬಳಿ. ಪಂಪಿನ ಮೂಲೆಯಲ್ಲಿ ಅದು ಇರುತ್ತದೆ, ಅಲ್ಲಿ ಜನ ಕಡಿಮೆ. ಕಾರು, ಟೆಂಪೋ ಓಡಿಸುವವನು ಹಿಂದಿನ ಚಕ್ರದ ಬಳಿ ಬಗ್ಗಿದರೆ ಮುಂದಿನ ಬಾಗಿಲು ಅವನಿಗೆ ಕಾಣುವುದಿಲ್ಲ. ಮೂರನೆಯದು ಸಿ.ಎನ್.ಜಿ. ಸಾಲು. ರಿಕ್ಷಾ, ಟ್ಯಾಕ್ಸಿಯ ನಮ್ಮ ಬಂಧುಗಳಿಗೆ ಈ ಸಾಲಿನ ಕಷ್ಟ ಗೊತ್ತು. ಗಂಟೆಗಟ್ಟಲೆ ಕಾಯಬೇಕು. ನಡುವೆ ಚಹಾಕ್ಕೆ ಇಳಿಯುತ್ತಾರೆ, ಮೂತ್ರಕ್ಕೆ ಹೋಗುತ್ತಾರೆ, ‘ಸಾಲು ಸರಿದರೆ ನನ್ನದನ್ನೂ ಸ್ವಲ್ಪ ಮುಂದೆ ತಗೋ’ ಎಂದು ಗುರುತಿಲ್ಲದವನಿಗೆ ಹೇಳಿ ಚಾವಿ ಬಿಟ್ಟು ಹೋಗುತ್ತಾರೆ. ಅನಿಲ ತುಂಬುವಾಗ ಎಲ್ಲರೂ ಇಳಿದು ದೂರ ನಿಲ್ಲಬೇಕು. ಆ ಹೊತ್ತಿಗೆ ಬಾಗಿಲಿಗೆ ಬೀಗವಿಲ್ಲ, ಒಳಗೆ ದಿನದ ಗಳಿಕೆಯ ಚೀಲವಿದೆ. ನಾಲ್ಕನೆಯದು ಸರಕಿನ ಟೆಂಪೋ. ಚಾಲಕ ಬಿಲ್ಲು ಮಾಡಿಸಲು ಒಳಗೆ, ಕ್ಲೀನರ್ ಹುಡುಗ ನೀರಿನ ಬಾಟಲಿ ತುಂಬಲು ಹೊರಗೆ. ಗಾಡಿಯನ್ನು ಕಾಯಲು ಯಾರೂ ಇಲ್ಲ.

ಗಮನ ಬೇರೆಡೆಗೆ ತಿರುಗಿಸುವುದು ಕಳ್ಳರ ಹಳೆಯ ವಿದ್ಯೆ. ‘ಅಣ್ಣಾ, ನಿಮ್ಮ ನೋಟು ಕೆಳಗೆ ಬಿದ್ದಿದೆ’ ಎನ್ನುತ್ತಾನೆ ಒಬ್ಬ. ನೋಡಿದರೆ ಹತ್ತರ ನೋಟು ಎರಡು ಬಿದ್ದಿರುತ್ತವೆ, ನಮ್ಮದಲ್ಲ. ‘ಎಂಜಿನಿನಿಂದ ಎಣ್ಣೆ ಸೋರುತ್ತಿದೆ’, ‘ಹಿಂದಿನ ಟಯರು ಕುಳಿತಿದೆ’ ಎನ್ನುತ್ತಾನೆ ಇನ್ನೊಬ್ಬ. ದಾರಿ ಕೇಳುವ ನೆಪದಲ್ಲಿ ಕಾಗದ ಹಿಡಿದು ಬರುತ್ತಾನೆ ಮತ್ತೊಬ್ಬ. ಮಾತನಾಡುವವನು ಒಂದು ಕಡೆ, ಕದಿಯುವವನು ಇನ್ನೊಂದು ಕಡೆ. ಮುಂಬಯಿಯ ಮಳೆ ಇವರಿಗೆ ಸಹಾಯಕ್ಕಿದೆ. ಜೂನಿನಿಂದ ಸಪ್ಟಂಬರಿನವರೆಗೆ ಜೋರು ಮಳೆ ಬಂದಾಗ ಸವಾರರೆಲ್ಲ ಪಂಪಿನ ಚಪ್ಪರದ ಕೆಳಗೆ ಓಡಿ ಗುಂಪಾಗುತ್ತಾರೆ. ರೇನ್‌ಕೋಟು ಹಾಕಿ, ಹೆಲ್ಮೆಟ್ಟು ತೊಟ್ಟವರ ನಡುವೆ ಯಾರ ಬಂಡಿಯನ್ನು ಯಾರು ಒಯ್ದರೆಂದು ಹೇಳುವವರು ಯಾರು?

ಪಂಪು ಮುಟ್ಟುವ ಮೊದಲೇ ಕಳುವಾಗುವುದೂ ಉಂಟು. ಐವತ್ತು, ನೂರು ರೂಪಾಯಿಯ ಪೆಟ್ರೋಲ್ ಹಾಕಿಸುತ್ತ ದಿನ ನೂಕುವ ನಮ್ಮವರ ಬಂಡಿ ಹೆದ್ದಾರಿಯ ಮೇಲೆ ನಿಂತುಬಿಡುತ್ತದೆ. ಅದನ್ನು ರಸ್ತೆಯ ಬದಿಗೆ ಬಿಟ್ಟು, ಕೈಯಲ್ಲಿ ಬಾಟಲಿ ಹಿಡಿದು ಪಂಪು ಹುಡುಕಿ ಹೋಗಿ ಬರುವುದರೊಳಗೆ ಬಂಡಿ ಮಾಯ. ಒಂದು ಲೀಟರು ಪೆಟ್ರೋಲನ್ನು ಯಾವಾಗಲೂ ಟಾಂಕಿಯಲ್ಲಿ ಉಳಿಸಿಕೊಳ್ಳುವುದು ದುಂದಲ್ಲ, ಕಾವಲು. ನಿಂತೇ ಹೋದರೆ ಬಂಡಿಯನ್ನು ತಳ್ಳಿಕೊಂಡೇ ಹೋಗಿ. ತಳ್ಳಲಾಗದಿದ್ದರೆ ಬೀಗ ಹಾಕಿ ಯಾವುದಾದರೂ ಅಂಗಡಿಯ ಎದುರಿಗೆ, ಅಂಗಡಿಯವನಿಗೆ ಹೇಳಿ ನಿಲ್ಲಿಸಿ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಖರ್ಚಿನ ಉಪಾಯವನ್ನು ನಾವು ಹೇಳುವುದಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಮೊದಲೇ ಹಾಕುವುದು ಸುಲಭ, ಅದಕ್ಕೆ ಕಾಸೂ ಬೇಡ.

ಒಂದು: ಎಂಜಿನ್ ನಿಂತೊಡನೆ ಚಾವಿ ತೆಗೆಯಿರಿ. ಸೀಟಿನ ಬೀಗ ತೆಗೆದ ಮೇಲೂ ಚಾವಿ ಮರಳಿ ಮುಷ್ಟಿಗೆ ಬರಲಿ. ಚಾವಿಗೆ ಗಟ್ಟಿಯಾದ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡರೆ ಮರೆವಿಗೆ ಎಡೆಯೇ ಇಲ್ಲ. ನಾಲ್ಕಾಣೆಯ ಬೆಲೆಯೂ ಇಲ್ಲದ ಆ ದಾರ ಲಕ್ಷ ರೂಪಾಯಿಯ ಬಂಡಿಯನ್ನು ಕಾಯುತ್ತದೆ.

ಎರಡು: ಹಣ ಕೊಡುವ ಕೆಲಸವನ್ನು ಬಂಡಿಯ ಪಕ್ಕದಲ್ಲಿ ನಿಂತೇ ಮುಗಿಸಿ. ಚಿಲ್ಲರೆಗಾಗಿ ಹೋಗಲೇಬೇಕಾದರೆ ಹ್ಯಾಂಡಲಿನ ಬೀಗ ಹಾಕಿ ಹೋಗಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹಾರ್ನ್ ಹೊಡೆದವರು ನಿಮ್ಮ ಕಂತು ಕಟ್ಟುವುದಿಲ್ಲ.

ಮೂರು: ಬಿಲ್ಲು ಕೇಳಿ ಪಡೆಯಿರಿ. ಅದರ ಮೇಲೆ ದಿನ, ಗಂಟೆ, ಪಂಪಿನ ಹೆಸರು ಅಚ್ಚಾಗಿರುತ್ತದೆ. ದುರದೃಷ್ಟದಿಂದ ಕಳುವಾದರೆ ನೀವು ಆ ಹೊತ್ತಿಗೆ ಅಲ್ಲಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ನಾಲ್ಕು: ಇಬ್ಬರಿದ್ದರೆ ಒಬ್ಬರು ಇಳಿಯಿರಿ, ಒಬ್ಬರು ಗಾಡಿಯ ಬಳಿಯೇ ಇರಿ. ಸಿ.ಎನ್.ಜಿ. ಸಾಲಿನಲ್ಲಿ ಮುಂದಿನ, ಹಿಂದಿನ ರಿಕ್ಷಾದ ಬಂಧುಗಳನ್ನು ಗುರುತು ಮಾಡಿಕೊಳ್ಳಿ. ಸರದಿಯಂತೆ ಒಬ್ಬರು ಕಾದರೆ ಮೂವರು ಚಹಾ ಕುಡಿಯಬಹುದು. ಆದರೆ ಚಾವಿ ಮಾತ್ರ ಅವರವರ ಜೇಬಿನಲ್ಲಿಯೇ ಇರಲಿ.

ಐದು: ಗಾಡಿಯಲ್ಲಿ ಮಗುವನ್ನು ಬಿಟ್ಟು ಇಳಿಯಬೇಡಿ. ಗಾಡಿ ಹೋದರೆ ಗಾಡಿ ಹೋಯಿತು. ಮಗುವಿದ್ದ ಗಾಡಿ ಹೋದರೆ ಆ ಮಾತನ್ನು ಬರೆಯಲೂ ನಮ್ಮ ಕೈ ನಡುಗುತ್ತದೆ.

ಆರು: ಮಾಲಿಕರ ಕಾರು ಓಡಿಸುವ ಬಂಧುಗಳು ಗಮನಿಸಬೇಕು. ಗುಂಡಿ ಒತ್ತಿ ಚಾಲು ಮಾಡುವ ಹೊಸ ಕಾರುಗಳಲ್ಲಿ ಚಾವಿ ನಿಮ್ಮ ಜೇಬಿನಲ್ಲಿದ್ದರೂ, ಎಂಜಿನ್ ಚಾಲೂ ಇದ್ದರೆ ಬೇರೊಬ್ಬ ಹತ್ತಿ ಓಡಿಸಿಕೊಂಡು ಹೋಗಬಹುದು. ಅನೇಕ ಕಾರುಗಳು ಚಾವಿ ದೂರವಾದಾಗ ಕೂಗುತ್ತವೆಯೇ ಹೊರತು ನಿಲ್ಲುವುದಿಲ್ಲ. ಎಂಜಿನ್ ನಿಲ್ಲಿಸಿ, ಬಾಗಿಲು ಬೀಗ ಮಾಡಿಯೇ ಇಳಿಯಿರಿ.

ಏಳು: ಸ್ಕೂಟರಿನ ಡಿಕ್ಕಿಯನ್ನು ಬ್ಯಾಂಕು ಮಾಡಿಕೊಳ್ಳಬೇಡಿ. ಊರಿಗೆ ಕಳಿಸುವ ಹಣ, ಆಧಾರ್ ಕಾರ್ಡು, ಪಾಸ್‌ಬುಕ್ಕು, ಮನೆಯ ಚಾವಿ ಎಲ್ಲವನ್ನೂ ಅದರಲ್ಲಿಡುವವರನ್ನು ನಾವು ಬಲ್ಲೆವು. ಪೆಟ್ರೋಲಿಗಾಗಿ ಸೀಟು ಎತ್ತಿದಾಗ ಅದನ್ನೆಲ್ಲ ಹತ್ತು ಜನ ನೋಡುತ್ತಾರೆ. ಮನೆಯ ವಿಳಾಸವಿರುವ ಕಾಗದ, ಅದರ ಪಕ್ಕದಲ್ಲಿಯೇ ಮನೆಯ ಚಾವಿ! ಕಳ್ಳನಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇರೆ ಬೇಕೆ? ಲೈಸೆನ್ಸು, ಗಾಡಿಯ ಪುಸ್ತಕಗಳನ್ನು ಸರಕಾರದ ಡಿಜಿಲಾಕರಿನಲ್ಲಿ ಇಟ್ಟು ಮೊಬೈಲಿನಲ್ಲಿ ತೋರಿಸಲು 2018ರಿಂದ ಕಾನೂನಿನ ಒಪ್ಪಿಗೆಯಿದೆ. ಮೂಲ ಕಾಗದಗಳು ಮನೆಯ ಪೆಟ್ಟಿಗೆಯಲ್ಲಿರಲಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕಳುವಾದರೆ? ಆಗ ಮೊದಲ ಮಾತು: ಪ್ರಾಣ ಮುಖ್ಯ. ಓಡುವ ಗಾಡಿಯ ಬಾಗಿಲಿಗೆ ಜೋತು ಬೀಳಬೇಡಿ. ಎದುರಿಗೆ ನಿಂತು ತಡೆಯಬೇಡಿ. ಕಳ್ಳನ ಕೈಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ, ಹಿಡಿದರೆ ಜೈಲು ಎಂಬ ಭಯದಲ್ಲಿ ಅವನು ಯಾರ ಮೇಲಾದರೂ ಗಾಡಿ ಹಾಯಿಸುತ್ತಾನೆ. ಬಂಡಿ ಮತ್ತೆ ಬಂದೀತು, ಊರಿನಲ್ಲಿ ನಿಮ್ಮ ಮನಿಯಾರ್ಡರಿನ ದಾರಿ ಕಾಯುವ ತಾಯಿಗೆ ಮಗ ಮತ್ತೆ ಬಾರ. ಗಟ್ಟಿಯಾಗಿ ಕೂಗಿ, ಅವನು ಹೋದ ದಿಕ್ಕನ್ನು ನೋಡಿಟ್ಟುಕೊಳ್ಳಿ, ತಕ್ಷಣ 112ಕ್ಕೆ ಫೋನು ಮಾಡಿ. ಗಾಡಿಯ ಸಂಖ್ಯೆ, ಬಣ್ಣ, ಹೋದ ದಿಕ್ಕು ಈ ಮೂರನ್ನು ಮೊದಲು ಹೇಳಿ. ಅಳುವುದು, ಶಪಿಸುವುದು ಆಮೇಲೆ ಆಗಲಿ. ಗಾಡಿಯ ಸಂಖ್ಯೆ, ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲೊಂದು, ಕೆಲಸದ ಜಾಗದಲ್ಲೊಂದು ಇಟ್ಟಿದ್ದರೆ ಈ ಗಳಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ, ಪಂಪಿನ ಮೇನೇಜರನ್ನು ಕಂಡು ಕ್ಯಾಮರಾದ ಚಿತ್ರವನ್ನು ಉಳಿಸಿಡಬೇಕೆಂದು ಬರೆದು ಕೊಡಿ. ಆ ಯಂತ್ರದಲ್ಲಿ ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಕೂರುತ್ತ ಹೋಗುತ್ತದೆ. ತಡಮಾಡಿದರೆ ಕಳ್ಳನ ಮುಖ ಅಳಿಸಿಹೋಗುತ್ತದೆ. ಚಿತ್ರವನ್ನು ಅವರು ನಿಮ್ಮ ಕೈಗೆ ಕೊಡದಿದ್ದರೆ ಜಗಳ ಬೇಡ. ಉಳಿಸಿಡಲಿ, ಪೋಲೀಸರು ಕೇಳಿ ಪಡೆಯುತ್ತಾರೆ.

ಮೂರನೆಯದಾಗಿ ಪೋಲೀಸ್ ಠಾಣೆ. ಇಲ್ಲಿ ನಮ್ಮವರು ಅಂಜುತ್ತಾರೆ. ‘ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ, ಆ ಠಾಣೆಗೆ ಹೋಗಿ’ ಎಂದರೆ ಆ ಠಾಣೆಗೆ, ಅಲ್ಲಿಂದ ಇನ್ನೊಂದಕ್ಕೆ ಅಲೆಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಏನು ಹೇಳುತ್ತದೆಂದು ತಿಳಿದಿರಲಿ. ಅಪರಾಧ ಯಾವ ಹದ್ದಿನಲ್ಲಿ ನಡೆದಿದ್ದರೂ ಫಿರ್ಯಾದನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಇಲೆಕ್ಟ್ರಾನಿಕ್ ಮಾರ್ಗದಿಂದ ಕಳಿಸಿದರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್.ಐ.ಆರ್. ಪ್ರತಿಯನ್ನು ಫಿರ್ಯಾದುದಾರನಿಗೆ ಬಿಟ್ಟಿಯಾಗಿ ಕೊಡಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಮೇಲಧಿಕಾರಿಗೆ ಅಂಚೆಯ ಮೂಲಕ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಬರೆದುಕೊಂಡದ್ದನ್ನು ಓದಿಸಿ ಕೇಳದೆ ಸಹಿ ಹಾಕಬೇಡಿ. ‘ಕಳೆದುಹೋಗಿದೆ’ ಎಂಬ ಚೀಟಿ ಅಥವಾ ಬರಿಯ ಎನ್.ಸಿ. ಹಿಡಿದು ಮರಳಬೇಡಿ. ಬಂಡಿ ಕಳೆದುಹೋಗಿಲ್ಲ, ಕಳುವಾಗಿದೆ. ಈ ಎರಡು ಶಬ್ದಗಳ ನಡುವೆ ನಿಮ್ಮ ವಿಮೆಯ ಹಣವೆಲ್ಲ ಇದೆ.

ಕಾನೂನು ಈ ಅಪರಾಧವನ್ನು ಲಘುವಾಗಿ ಎಣಿಸಿಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ ಸಾಮಾನ್ಯ ಕಳುವಿಗೆ 3 ವರ್ಷದವರೆಗೆ ಶಿಕ್ಷೆ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸಲು ಬಳಸುವ ವಾಹನವನ್ನು ಕದ್ದರೆ 305ನೆಯ ಕಲಮಿನಂತೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ನಿಮ್ಮದು ರಿಕ್ಷಾ, ಟ್ಯಾಕ್ಸಿ, ಟೆಂಪೋ ಆಗಿದ್ದರೆ ಅದನ್ನು ಠಾಣೆಯಲ್ಲಿ ಸ್ಪಷ್ಟವಾಗಿ ಹೇಳಿ.

ಈಗ ವಿಮೆಯ ಮಾತು. ನಮ್ಮವರಲ್ಲಿ ಹೆಚ್ಚಿನವರು ಮೋಸಹೋಗುವುದು ಇಲ್ಲಿ. 2018ರ ಸಪ್ಟಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವವರು 5 ವರ್ಷದ ವಿಮೆಯನ್ನು ಒಮ್ಮೆಗೇ ಮಾಡಿಸಬೇಕು. ಆ 5 ವರ್ಷ ಕಡ್ಡಾಯವಾಗಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆ, ಅಂದರೆ ನಿಮ್ಮ ಬಂಡಿ ಇನ್ನೊಬ್ಬರಿಗೆ ಬಡಿದರೆ ಅವರಿಗೆ ಕೊಡುವ ಪರಿಹಾರ. ನಿಮ್ಮ ಸ್ವಂತ ಬಂಡಿ ಕಳುವಾದರೆ ಸಿಗುವ ವಿಮೆ ಸಾಮಾನ್ಯವಾಗಿ ಮೊದಲ 1 ವರ್ಷಕ್ಕೆ ಮಾತ್ರ ಇರುತ್ತದೆ. ‘5 ವರ್ಷದ ಇನ್ಶೂರನ್ಸ್ ಇದೆ’ ಎಂದು ನೆಮ್ಮದಿಯಿಂದ ಇದ್ದವನು ಮೂರನೆಯ ವರ್ಷ ಬಂಡಿ ಕಳೆದುಕೊಂಡು ಕಂಪೆನಿಗೆ ಹೋದರೆ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಇಂದೇ ನಿಮ್ಮ ಕಾಗದ ತೆಗೆದು ನೋಡಿ. ಓದಲು ಬಾರದಿದ್ದರೆ ಸಂಘಕ್ಕೆ ತನ್ನಿ, ಓದಿ ಹೇಳುತ್ತೇವೆ. ಸ್ವಂತ ಹಾನಿಯ ವಿಮೆಯನ್ನು ವರ್ಷವರ್ಷವೂ ನವೀಕರಿಸಬೇಕು.

ಕಳುವಾದ ದಿನವೇ ವಿಮಾ ಕಂಪೆನಿಗೂ ತಿಳಿಸಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಕಂಪೆನಿಯವರು ಅರ್ಜಿ ತಳ್ಳಿದರೆ ಎದೆಗುಂದಬೇಕಾಗಿಲ್ಲ. ಒಂದು ಟ್ರಾಕ್ಟರಿನ ಕಳುವಿನಲ್ಲಿ ಮಾಲಿಕ ಪೋಲೀಸರಿಗೆ ಅದೇ ದಿನ ತಿಳಿಸಿದ್ದ, ಕಂಪೆನಿಗೆ ತಿಳಿಸಿದ್ದು 52 ದಿನಗಳ ನಂತರ. ಪೋಲೀಸರಿಗೆ ಕೂಡಲೆ ತಿಳಿಸಿದ್ದರೆ, ಕಂಪೆನಿಗೆ ತಿಳಿಸಲು ತಡವಾಯಿತೆಂಬ ಕಾರಣವೊಂದರಿಂದಲೇ ನಿಜವಾದ ಅರ್ಜಿಯನ್ನು ನಿರಾಕರಿಸಲಾಗದು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದರಿಂದಲೇ ನಾವು ಠಾಣೆ ಮೊದಲು ಎನ್ನುತ್ತೇವೆ.

ಕಂಪೆನಿಯವರು ಎರಡೂ ಚಾವಿಗಳನ್ನು ಕೇಳುತ್ತಾರೆ. ಒಂದು ಚಾವಿ ಕಳ್ಳನ ಜೊತೆ ಹೋಗಿದ್ದರೆ ಇದ್ದದ್ದನ್ನು ಇದ್ದಂತೆ ಹೇಳಿ. ‘ಚಾವಿ ನನ್ನ ಕೈಯಲ್ಲಿಯೇ ಇತ್ತು’ ಎಂದು ಬರೆದುಕೊಟ್ಟು ಆಮೇಲೆ ಸಿಕ್ಕಿಬಿದ್ದರೆ ಅರ್ಜಿಯೂ ಹೋಯಿತು, ಮರ್ಯಾದೆಯೂ ಹೋಯಿತು. ದಾರಿ ಕೇಳಲು ಇಳಿದ ಚಾಲಕ ಚಾವಿಯನ್ನು ಲಾರಿಯಲ್ಲಿಯೇ ಬಿಟ್ಟಿದ್ದಾಗ ನಡೆದ ಕಳುವಿನಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ವಿಮೆಯ 75 ಪ್ರತಿಶತ ಕೊಡಿಸಿತು. ಎಲ್ಲ ಪ್ರಕರಣಗಳಲ್ಲಿಯೂ ಹಾಗೆಯೇ ಆಗುತ್ತದೆಂದು ನಾವು ಹೇಳುವುದಿಲ್ಲ. ನಿಜ ಹೇಳಿದವನ ಪರವಾಗಿ ವಾದ ಮಾಡಬಹುದು ಎಂದಷ್ಟೇ ನಮ್ಮ ಮಾತು. ಆದರೆ ಉಳಿದ 25 ಪ್ರತಿಶತ ಚಾವಿ ಬಿಟ್ಟದ್ದಕ್ಕೆ ತೆತ್ತ ದಂಡ ಎಂಬುದನ್ನೂ ಮರೆಯಬಾರದು.

ಬಂಡಿ ಹೋದ ಮಾತ್ರಕ್ಕೆ ಸಾಲದ ಕಂತು ನಿಲ್ಲುವುದಿಲ್ಲ. ಬ್ಯಾಂಕಿಗೆ ಬರೆದು ತಿಳಿಸಿ. ಗಾಡಿಯ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿದ್ದರೆ ವಿಮೆಯ ಹಣ ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ. ಆರ್.ಟಿ.ಓ. ಕಚೇರಿಗೂ ಎಫ್.ಐ.ಆರ್. ಪ್ರತಿಯೊಂದಿಗೆ ತಿಳಿಸಿ. ಕಳ್ಳನು ಸಿಗ್ನಲು ದಾಟಿದರೆ ದಂಡದ ಚಲನ್ ನಿಮ್ಮ ಹೆಸರಿಗೆ ಬರುತ್ತದೆ, ಆಗ ಆ ಪ್ರತಿಯೇ ನಿಮ್ಮ ರಕ್ಷಣೆ. ತನಿಖೆ ನಡೆದೂ ಬಂಡಿ ಸಿಗದಿದ್ದರೆ ಪೋಲೀಸರು ಕೋರ್ಟಿಗೆ ಕೊಡುವ ವರದಿಯನ್ನು ಮಹಾರಾಷ್ಟ್ರದಲ್ಲಿ ‘ಎ ಸಮರಿ’ ಎನ್ನುತ್ತಾರೆ. ಅಪರಾಧ ನಿಜ, ಅಪರಾಧಿ ಸಿಕ್ಕಿಲ್ಲ ಎಂದು ಅದರ ಅರ್ಥ. ವಿಮೆಯವರು ಅದನ್ನು ಕೇಳುತ್ತಾರೆ. ಎಫ್.ಐ.ಆರ್. ಆಯಿತೆಂದು ಸುಮ್ಮನೆ ಕೂರದೆ ಆ ಕಾಗದ ಕೈಗೆ ಬರುವವರೆಗೆ ಬೆನ್ನು ಹತ್ತಬೇಕು.

ಇಲ್ಲಿಯವರೆಗೆ ಸ್ವಂತ ವಾಹನದ ಮಾತಾಯಿತು. ಹೊಟೇಲ್ ಕಾರ್ಮಿಕರಾದ ನಮಗೆ ಹೆಚ್ಚು ಕಹಿಯಾದುದು ಮುಂದಿನದು. ಹೊಟೇಲಿನ ಸ್ಕೂಟರು, ಹೊಟೇಲಿನ ಕೆಲಸ, ಮಾಣಿಯನ್ನು ಕರೆದು ‘ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಾ’ ಎಂದು ಕಳಿಸಿದವರು ಮಾಲಿಕರು. ಪಂಪಿನಲ್ಲಿ ಸ್ಕೂಟರು ಕಳುವಾಗುತ್ತದೆ. ಹುಡುಗ ಅಳುತ್ತ ಬಂದು ಹೇಳಿದರೆ ಮೊದಲ ಪ್ರಶ್ನೆ: ‘ನಿನಗೆ ಎಷ್ಟು ಪಾಲು ಸಿಕ್ಕಿತು?’ ಎರಡನೆಯ ಮಾತು: ‘ಪೂರ್ತಿ ಹಣ ನಿನ್ನ ಪಗಾರದಲ್ಲಿ ಮುರಿಯುತ್ತೇವೆ.’ ಇಂಥ ದೂರು ಹೊತ್ತು ಬಂದ ಹುಡುಗರನ್ನು ನಾವು ಕಂಡಿದ್ದೇವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಳ್ಳನೆಂಬ ಹೆಸರು ಹೊತ್ತ ಹುಡುಗನಿಗೆ ಬೀದಿಯ ಬೇರೆ ಹೊಟೇಲಿನಲ್ಲಿಯೂ ಕೆಲಸ ಸಿಗುವುದಿಲ್ಲ. ಅವನು ಹೇಳದೆ ಕೇಳದೆ ಊರಿನ ಗಾಡಿ ಹತ್ತುತ್ತಾನೆ, ಅವನು ಓಡಿಹೋದದ್ದೇ ಅವನ ತಪ್ಪಿಗೆ ಸಾಕ್ಷಿಯೆಂದು ಜನ ಆಡಿಕೊಳ್ಳುತ್ತಾರೆ.

ಓಡಬೇಡಿ ಎಂದು ಆ ತಮ್ಮಂದಿರಿಗೆ ನಾವು ಹೇಳುತ್ತೇವೆ. ಕಾನೂನು ನಿಮ್ಮನ್ನು ಹಾಗೆ ಕೈಬಿಟ್ಟಿಲ್ಲ. 1936ರ ಪಗಾರ ಪಾವತಿ ಕಾಯಿದೆಯಲ್ಲಿದ್ದ ನಿಯಮವನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ವಸ್ತುವನ್ನು ಕಾಯಲೆಂದು ಸ್ಪಷ್ಟವಾಗಿ ಕಾರ್ಮಿಕನ ವಶಕ್ಕೆ ಕೊಟ್ಟಿರಬೇಕು. ಅದರ ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದ ಆಗಿರಬೇಕು. ಹಾಗಿದ್ದಾಗ ಮಾತ್ರ ಪಗಾರದಲ್ಲಿ ಮುರಿಯಬಹುದು. ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಲೇಬೇಕು. ಆದ ನಷ್ಟಕ್ಕಿಂತ ಒಂದು ಪೈಸೆಯೂ ಹೆಚ್ಚು ಮುರಿಯುವಂತಿಲ್ಲ. ವೇತನ ಸಂಹಿತೆಯಂತೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಪಗಾರದ 50 ಪ್ರತಿಶತವನ್ನು ಮೀರುವಂತಿಲ್ಲ. ಬೀಗ ಕೆಟ್ಟ ಸ್ಕೂಟರು ಕೊಟ್ಟು ಕಳಿಸಿದ್ದರೆ ಅದು ಹುಡುಗನ ಅಲಕ್ಷ್ಯ ಹೇಗಾದೀತು? ವಿಮೆಯಿಂದ ಹಣ ಪಡೆದ ಮಾಲಿಕರು ಅದೇ ಹಣವನ್ನು ಹುಡುಗನಿಂದಲೂ ವಸೂಲು ಮಾಡಿದರೆ ಅದನ್ನು ನಷ್ಟ ಎನ್ನಬೇಕೋ ಲಾಭ ಎನ್ನಬೇಕೋ? ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ‘ತಪ್ಪೊಪ್ಪಿಗೆ’ ಬರೆದುಕೊಡಬೇಡಿ. ನಡೆದುದನ್ನು ನಡೆದಂತೆ ಬರೆದು, ಅದರ ಒಂದು ಪ್ರತಿಯನ್ನು ಇಟ್ಟುಕೊಂಡು, ನೇರವಾಗಿ ಸಂಘಕ್ಕೆ ಬನ್ನಿ.

ಹೀಗೆಂದು ಕಾರ್ಮಿಕನು ಅಲಕ್ಷ್ಯದಿಂದ ಇರಬಹುದೆಂದು ನಾವು ಹೇಳುತ್ತಿಲ್ಲ. ಹಕ್ಕನ್ನು ಗಟ್ಟಿಯಾಗಿ ಕೇಳಬೇಕಾದರೆ ಕೈ ಸ್ವಚ್ಛವಾಗಿರಬೇಕು. ಚಾವಿಯನ್ನು ಬಂಡಿಯಲ್ಲಿ ಬಿಟ್ಟು ಗೆಳೆಯನೊಡನೆ ಹರಟುತ್ತ ನಿಂತಿದ್ದವನ ಪರವಾಗಿ ವಾದಿಸಲು ನಮ್ಮ ನಾಲಿಗೆಯೂ ತಡವರಿಸುತ್ತದೆ. ಚಾವಿ ಮುಷ್ಟಿಯಲ್ಲಿದ್ದವನ ಪರವಾಗಿ ನಾವು ಯಾವ ಮಾಲಿಕರ ಎದುರಿಗೂ, ಯಾವ ಕಚೇರಿಯ ಎದುರಿಗೂ ತಲೆ ಎತ್ತಿ ನಿಲ್ಲಬಲ್ಲೆವು.

ಮಾಲಿಕರಿಗೂ ನಮ್ಮ ವಿನಂತಿಯಿದೆ. ಕೆಲಸಕ್ಕೆ ಕೊಡುವ ವಾಹನದ ಬೀಗ ಸರಿಯಾಗಿರಲಿ. ಎರಡನೆಯ ಚಾವಿ ಗಲ್ಲಾದಲ್ಲಿ ಭದ್ರವಾಗಿರಲಿ. ಕಳುವಿನ ವಿಮೆಯನ್ನು ವರ್ಷವರ್ಷ ನವೀಕರಿಸಿರಲಿ. ಲೈಸೆನ್ಸಿಲ್ಲದ ಹುಡುಗನನ್ನು ಕಳಿಸಬೇಡಿ. ಯಾರು ಯಾವ ಹೊತ್ತಿಗೆ ಬಂಡಿ ಒಯ್ದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇದರಿಂದ ಮಾಲಿಕರಿಗೂ ಲಾಭ, ಕಾರ್ಮಿಕರಿಗೂ ನೆಮ್ಮದಿ. ಪಂಪಿನ ಮಾಲಿಕರು ಗಾಳಿಯ ಯಂತ್ರದ ಮೂಲೆಗೆ ಒಂದು ದೀಪ, ಒಂದು ಕ್ಯಾಮರಾ ಹಾಕಿಸಿ, ‘ಚಾವಿ ತೆಗೆಯಿರಿ’ ಎಂಬ ಫಲಕವನ್ನು ಮರಾಠಿ, ಹಿಂದಿಗಳಲ್ಲಿ ತೂಗುಹಾಕಿದರೆ ಅವರ ಗಂಟೇನೂ ಹೋಗುವುದಿಲ್ಲ.

ಪಂಪಿನಲ್ಲಿ ಪೆಟ್ರೋಲ್ ಹಾಕುವ ಹುಡುಗನ ವಿಷಯದಲ್ಲಿ ಒಂದು ಮಾತು. ಬಂಡಿ ಕಳುವಾದ ಕೋಪದಲ್ಲಿ ಮೊದಲು ಕೈ ಹೋಗುವುದು ಅವನ ಕೊರಳಪಟ್ಟಿಗೆ. ಅವನೂ ನಮ್ಮಂತೆ ಊರು ಬಿಟ್ಟು ಬಂದವನು, ದಿನವಿಡೀ ನಿಂತು ಪೆಟ್ರೋಲಿನ ವಾಸನೆ ಕುಡಿಯುವವನು. ಮಾಲಿಕರು ನಮ್ಮನ್ನು ಸಂಶಯಿಸಿದರೆ ಎಷ್ಟು ನೋವಾಗುತ್ತದೋ ನಾವು ಅವನನ್ನು ಸಂಶಯಿಸಿದರೆ ಅವನಿಗೂ ಅಷ್ಟೇ ನೋವು. ಅವನನ್ನು ಸಾಕ್ಷಿಯಾಗಿ ಮಾಡಿಕೊಳ್ಳಿ, ಆರೋಪಿಯಾಗಿ ಅಲ್ಲ. ಕಳ್ಳನೇ ಕೈಗೆ ಸಿಕ್ಕರೂ ಗುಂಪುಗೂಡಿ ಬಡಿಯಬೇಡಿ. ಹಿಡಿದು ಪೋಲೀಸರಿಗೆ ಒಪ್ಪಿಸಿ. ಬಡಿದ ಏಟಿಗೆ ಅವನು ಸತ್ತರೆ ಬಂಡಿಯ ಜೊತೆಗೆ ನಿಮ್ಮ ಬದುಕೂ ಹೋಗುತ್ತದೆ.

ಸಂಘದ ಕಡೆಯಿಂದ ನಾವು ಮಾಡುವುದಿಷ್ಟು. ವಾಹನದ ವಿಮೆಯ ಕಾಗದ ತಂದವರಿಗೆ ಅದನ್ನು ಓದಿ, ಕಳುವಿನ ರಕ್ಷಣೆ ಇದೆಯೇ ಇಲ್ಲವೇ ಎಂದು ಕನ್ನಡದಲ್ಲಿ ತಿಳಿಸುತ್ತೇವೆ. ಕಳುವಾದವರೊಡನೆ ಠಾಣೆಗೆ ಒಬ್ಬರು ಬರುತ್ತೇವೆ, ಮರಾಠಿಯಲ್ಲಿ ಬರೆದುದನ್ನು ಓದಿ ಹೇಳುತ್ತೇವೆ. ಪಗಾರ ಮುರಿದವರ ಅರ್ಜಿಯನ್ನು ಬರೆದುಕೊಡುತ್ತೇವೆ. ಓದಿದವರು ಓದಲು ಬಾರದವರಿಗೆ ಇದನ್ನು ಓದಿ ಹೇಳಬೇಕು. ಊರಿನಿಂದ ನಿನ್ನೆ ಬಂದು ಇಂದು ಪಾರ್ಸಲಿಗೆ ಹೊರಟ ಹುಡುಗನಿಗೆ ಮೊದಲು ಹೇಳಬೇಕು. ರಸ್ತೆಯ ಹೆಸರು, ಸ್ಟೇಷನ್ನಿನ ಹೆಸರು ಕಲಿಸುವಾಗ ಅವನ ಚಾವಿಗೆ ಒಂದು ದಾರವನ್ನೂ ಕಟ್ಟಿಕೊಡಿ.